ಬಾಲ ನ್ಯಾಯ ಯೋಜನೆಗೆ ಕೊಟ್ಟ ಹಣ ಏನು ಮಾಡಿತು? ಮೌಲ್ಯಮಾಪನ ಮಾಡುವವರಿಗೆ

ಬಾಲ ನ್ಯಾಯದ, ಅಂದರೆ ತಪ್ಪು ಮಾಡಿ ಕಾನೂನಿನ ಕೈಗೆ ಸಿಕ್ಕ ಮಕ್ಕಳಿಗಾಗಿ ಇರುವ, ಯಾವುದೇ ಅನುದಾನ ಯೋಜನೆಯ ಮೌಲ್ಯಮಾಪನಕ್ಕೆ ಕೂತಾಗ ನಾನು ಮೊದಲು ತರಿಸಿಕೊಳ್ಳುವುದು ದಾಖಲಾತಿ ರಿಜಿಸ್ಟರ್. ಖರ್ಚಿನ ಪಟ್ಟಿ ಆಮೇಲೆ. ಯಾವ ಮಕ್ಕಳು ಬಂದರು? ಯಾರು ಕಳಿಸಿದರು? ಈ ಯೋಜನೆಯೇ ಇಲ್ಲದಿದ್ದರೆ ಆ ಮಕ್ಕಳಿಗೆ ಏನಾಗುತ್ತಿತ್ತು? ಮೂರನೇ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಅದನ್ನು ಕೇಳದೆ ಬರೆದ ವರದಿಗಳನ್ನು ಬೇಕಾದಷ್ಟು ಓದಿದ್ದೇನೆ. ಹಣ ಸಮಯಕ್ಕೆ ಬಿಡುಗಡೆಯಾಯಿತು, ಪೂರ್ತಿ ಖರ್ಚಾಯಿತು, ಇಷ್ಟು ಮಕ್ಕಳಿಗೆ ಕೌನ್ಸೆಲಿಂಗ್ ಆಯಿತು, ಇಷ್ಟು ತರಬೇತಿ ನಡೆಯಿತು ಅಂತ ಬರೆದಿರುತ್ತದೆ. ಅದನ್ನೆಲ್ಲ ಆಡಿಟ್‌ನವರು ನೋಡಿಕೊಳ್ಳುತ್ತಾರೆ. ಮಕ್ಕಳ ದಾರಿ ಬದಲಾಯಿತೇ ಅಂತ ನೋಡಬೇಕಾದವರು ನಾವು.

ಬಂದವರು ಯಾರು

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳನ್ನು ಕೋರ್ಟಿಗೆ ಎಳೆಯುವ ಬದಲು ಮಾರ್ಗದರ್ಶನ ಕೊಡಲಿ ಅಂತ ಸರ್ಕಾರ ಒಂದು ಸಂಸ್ಥೆಗೆ ಹಣ ಕೊಡುತ್ತದೆ. ವರ್ಷದ ಕೊನೆಗೆ ವರದಿ ಬರುತ್ತದೆ: 300 ಮಕ್ಕಳು ಬಂದರು, ಮತ್ತೆ ತಪ್ಪು ಮಾಡಿದವರು ಶೇ. 8 ಮಾತ್ರ. ಕೇಳಲು ಚೆನ್ನಾಗಿದೆ, ಅಲ್ವಾ? ಈಗ ರಿಜಿಸ್ಟರ್ ತೆಗೆಯಿರಿ. ಹೆಚ್ಚಿನವರು ಮೊದಲ ಸಲ ಸಿಕ್ಕಿಬಿದ್ದವರು. ಅಂಗಡಿಯಲ್ಲಿ ಸಣ್ಣಪುಟ್ಟ ಕಳವು, ಶಾಲೆಯಲ್ಲಿ ಹೊಡೆದಾಟ. ಯೋಜನೆ ಬರುವ ಮುಂಚೆ ಪೊಲೀಸರು ಇಂಥವರನ್ನು ಬೈದು ಮನೆಗೆ ಕಳಿಸುತ್ತಿದ್ದರು. ಅವರಲ್ಲಿ ಬಹುಪಾಲು ಮಕ್ಕಳು ಯಾರ ಸಹಾಯವೂ ಇಲ್ಲದೆ ಸರಿಹೋಗುವವರೇ. ಈಗ ಅವರ ಹೆಸರಿನಲ್ಲೊಂದು ಫೈಲ್ ಹುಟ್ಟಿದೆ. ಎರಡು ಭೇಟಿ ತಪ್ಪಿಸಿದರೆ ಅದೇ ಹೊಸ ತಪ್ಪಾಗುತ್ತದೆ. ಕಸ್ಟಡಿಗೆ ಹೋಗಬೇಕಿದ್ದ ಮಕ್ಕಳು ಮಾತ್ರ ಮೊದಲಿನ ಹಾಗೇ ಕಸ್ಟಡಿಗೆ ಹೋಗುತ್ತಿದ್ದಾರೆ. ಬಲೆ ಹಿಗ್ಗಿತು ಅನ್ನುತ್ತೇವೆ ಇದಕ್ಕೆ. ಈ ಕ್ಷೇತ್ರದಲ್ಲಿ ಸರ್ಕಾರದ ಹಣ ಅತಿ ಹೆಚ್ಚು ದಾರಿ ತಪ್ಪುವುದು ಇಲ್ಲೇ ಅಂತ ನನ್ನ ಗಟ್ಟಿ ನಂಬಿಕೆ.

ಕಂಡುಹಿಡಿಯುವುದು ಕಷ್ಟವಲ್ಲ. ಯೋಜನೆ ಶುರುವಾಗುವ ಮುಂಚಿನ ಮೂರು ವರ್ಷ, ಆಮೇಲಿನ ಮೂರು ವರ್ಷ, ಎರಡನ್ನೂ ಅಕ್ಕಪಕ್ಕ ಇಡಿ. ಪೊಲೀಸರ ಕೈಗೆ ಸಿಕ್ಕವರು, ಎಚ್ಚರಿಕೆ ಕೊಟ್ಟು ಬಿಟ್ಟವರು, ಯೋಜನೆಗೆ ಬಂದವರು, ಕೋರ್ಟಿಗೆ ಹೋದವರು, ವಿಚಾರಣೆಗೆ ಮುಂಚೆ ಕೂಡಿಹಾಕಿದವರು, ಶಿಕ್ಷೆಯಾಗಿ ಒಳಗೆ ಹೋದವರು ಎಷ್ಟೆಷ್ಟು ಅಂತ ಬರೆದುಕೊಳ್ಳಿ. ಯೋಜನೆಗೆ ಬಂದವರ ಸಂಖ್ಯೆ ಏರಿ ಕೋರ್ಟು, ಕಸ್ಟಡಿಗಳ ಸಂಖ್ಯೆ ಇಳಿಯದಿದ್ದರೆ ಬಲೆ ಹಿಗ್ಗಿದೆ. ಒಂದೇ ಒಂದು ಬಾಗಿಲನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1960ರ ದಶಕದಲ್ಲಿ, ರಾಜ್ಯದ ಸಂಸ್ಥೆಗಳಿಗೆ (ರಾಜ್ಯವೇ ನಡೆಸುವ ಕಸ್ಟಡಿ ಕೇಂದ್ರಗಳಿಗೆ) ಕಳಿಸುವುದನ್ನು ಕಡಿಮೆ ಮಾಡಿದ ಕೌಂಟಿಗಳಿಗೆ, ಅಂದರೆ ಅಲ್ಲಿನ ಜಿಲ್ಲೆಗಳಿಗೆ, ಹಣ ಕೊಡಲು ಶುರು ಮಾಡಿತು. ರಾಜ್ಯದ ಸಂಸ್ಥೆಗಳಲ್ಲಿ ಮಕ್ಕಳು ಕಡಿಮೆಯಾದರು. ಆಮೇಲೆ ಕೂಲಂಕಷವಾಗಿ ನೋಡಿದವರಿಗೆ ಕಂಡಿದ್ದು, ಮಕ್ಕಳನ್ನು ಸ್ಥಳೀಯವಾಗಿ ಕೂಡಿಹಾಕುವುದು ಜಾಸ್ತಿಯಾಗಿತ್ತು.

ಹಣ ಯಾವ ಕಡೆ ತಳ್ಳುತ್ತದೆ

ಅನುದಾನದ ಷರತ್ತುಗಳನ್ನು ಒಂದು ಪ್ರಶ್ನೆ ಇಟ್ಟುಕೊಂಡು ಓದಿ: ಈ ನಿಯಮದಡಿ ಮಗುವನ್ನು ಒಳಗೆ ಹಾಕಿದರೆ ಖರ್ಚು ಯಾರ ತಲೆಗೆ, ಹೊರಗಿಟ್ಟು ನೋಡಿಕೊಂಡರೆ ಯಾರ ತಲೆಗೆ?

ಅಮೆರಿಕದ ಒಹಾಯೋ ರಾಜ್ಯದ ಕಥೆ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ಮೊದಲು ಕೌಂಟಿಯ ನ್ಯಾಯಾಧೀಶರು ಮಗುವನ್ನು ರಾಜ್ಯದ ಸಂಸ್ಥೆಗೆ ಕಳಿಸಿದರೆ ಖರ್ಚು ರಾಜ್ಯದ್ದು. ಊರಲ್ಲೇ ಉಳಿಸಿಕೊಂಡು ಸೇವೆ ಕೊಟ್ಟರೆ ಖರ್ಚು ಕೌಂಟಿಯದ್ದು. ಸಹಜವಾಗಿ ಕಳಿಸುವುದೇ ಸುಲಭವಾಗಿತ್ತು. ಸಂಸ್ಥೆಗಳು ಕಿಕ್ಕಿರಿದವು. ‘ರಿಕ್ಲೇಮ್ ಒಹಾಯೋ’ ಅನ್ನುವ ವ್ಯವಸ್ಥೆ ಬಂತು. 1994ರಲ್ಲಿ ಕೆಲವು ಕೌಂಟಿಗಳಲ್ಲಿ ಪ್ರಯೋಗ, 1995ರಿಂದ ಇಡೀ ರಾಜ್ಯದಲ್ಲಿ. ಕೌಂಟಿಗೆ ಹಣ ಕೊಟ್ಟು, ಸಂಸ್ಥೆಗೆ ಕಳಿಸಿದ ಮಕ್ಕಳ ಖರ್ಚನ್ನು ಅದರಿಂದಲೇ ಕಳೆದುಕೊಂಡು, ಉಳಿದದ್ದನ್ನು ಸ್ಥಳೀಯ ಸೇವೆಗಳಿಗೆ ಬಳಸಲು ಬಿಟ್ಟರು. ಕೌಂಟಿಗಳು ಕಳಿಸುವುದು ಇಳಿಯಿತು. ಸಿನ್ಸಿನಾಟಿ ವಿಶ್ವವಿದ್ಯಾಲಯದ ಸಂಶೋಧಕರು ಆ ಮಕ್ಕಳನ್ನು ಅಪಾಯದ ಮಟ್ಟದ ಪ್ರಕಾರ ಬೇರೆ ಬೇರೆ ಮಾಡಿ ನೋಡಿದರು. ಮತ್ತೆ ತಪ್ಪು ಮಾಡುವ ಸಾಧ್ಯತೆ ಕಡಿಮೆ ಇದ್ದ ಮಕ್ಕಳು ಊರಲ್ಲೇ ಉಳಿದಾಗ ಚೆನ್ನಾಗಿದ್ದರು. ಸಂಸ್ಥೆಯ ಒಳಗೆ ಹೋದವರ ಪರಿಸ್ಥಿತಿ ಕೆಟ್ಟಿತ್ತು. ತುಂಬಾ ಹೆಚ್ಚಿನ ಅಪಾಯದ ಮಕ್ಕಳ ವಿಷಯದಲ್ಲಿ ಚಿತ್ರ ಹಾಗಿರಲಿಲ್ಲ. ಎಲ್ಲರನ್ನೂ ಸೇರಿಸಿ ಸರಾಸರಿ ತೆಗೆದಿದ್ದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತಿತ್ತು. ಹಾಗಾಗಿ ನಿಮ್ಮ ಕೋಷ್ಟಕದಲ್ಲೂ ಅಪಾಯದ ಮಟ್ಟಕ್ಕೆ ಒಂದು ಸಾಲು ಇರಲೇಬೇಕು.

ಯಾರ ಜೊತೆ ಹೋಲಿಸುವುದು

ಮಕ್ಕಳು ಯೋಜನೆಗೆ ಬರುವುದು ಅವರ ಕೆಟ್ಟ ಘಳಿಗೆಯಲ್ಲಿ. ಅಲ್ಲಿಂದ ಮುಂದೆ ಸುಮ್ನೆ ಬಿಟ್ಟರೂ ಅವರ ತಪ್ಪುಗಳು ಒಂದಿಷ್ಟು ಇಳಿಯುತ್ತವೆ. ಅದರ ಮೇಲೆ, ಹದಿಹರೆಯದಲ್ಲಿ ಏರುವ ತಪ್ಪುಗಳು ಇಪ್ಪತ್ತರ ಹೊತ್ತಿಗೆ ತಾನಾಗೇ ಕಡಿಮೆಯಾಗುತ್ತವೆ. ಹಾಗಾಗಿ ‘ಯೋಜನೆಗೆ ಮುಂಚೆ, ಯೋಜನೆಯ ನಂತರ’ ಅನ್ನುವ ಹೋಲಿಕೆ ಯಾವ ಯೋಜನೆಯನ್ನಾದರೂ ಚೆನ್ನಾಗಿ ತೋರಿಸುತ್ತದೆ. ಯೋಜನೆ ಸಿಗದ ಅಂಥದ್ದೇ ಮಕ್ಕಳ ಗುಂಪೊಂದು ಹೋಲಿಕೆಗೆ ಬೇಕೇ ಬೇಕು. ಸೀಟಿಗಿಂತ ಅರ್ಜಿ ಜಾಸ್ತಿ ಇದ್ದ ಕಡೆ ಚೀಟಿ ಎತ್ತಿ ಆಯ್ಕೆ ಮಾಡಿದರೆ ಅನ್ಯಾಯವೂ ಆಗದು, ಹೋಲಿಕೆಯೂ ಗಟ್ಟಿಯಾಗುತ್ತದೆ. ಅದು ಆಗದಿದ್ದರೆ ಯೋಜನೆ ಇನ್ನೂ ತಲುಪದ ಪ್ರದೇಶದ ಮಕ್ಕಳನ್ನು ವಯಸ್ಸು, ಹಿಂದಿನ ಪ್ರಕರಣ, ಆರೋಪದ ಬಗೆ ನೋಡಿ ಜೋಡಿ ಮಾಡಿ.

ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಕೆಟ್ಟದ್ದು ಮಾಡಲಾರದು ಅಂತ ನಂಬುವವರಿಗೆ ನಾನು ಹೇಳುವುದು ಕೇಂಬ್ರಿಜ್-ಸಾಮರ್‌ವಿಲ್ ಅಧ್ಯಯನದ ವಿಷಯ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಶುರುವಾಗಿ 1945ರವರೆಗೆ ನಡೆಯಿತು. 500ಕ್ಕೂ ಹೆಚ್ಚು ಹುಡುಗರನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ವರ್ಷಗಟ್ಟಲೆ ಮಾರ್ಗದರ್ಶನ, ಟ್ಯೂಷನ್, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಮೂವತ್ತು ವರ್ಷ ಕಳೆದ ಮೇಲೆ ಜೋನ್ ಮೆಕಾರ್ಡ್ ಅನ್ನುವ ಸಂಶೋಧಕಿ ಆ ಹುಡುಗರನ್ನು ಹುಡುಕಿ ವಿಚಾರಿಸಿದರು. ಸಹಾಯ ಪಡೆದವರಲ್ಲಿ ಬಹಳಷ್ಟು ಜನ ‘ನನಗೆ ಒಳ್ಳೆಯದಾಯಿತು’ ಅಂದರು. ಕೋರ್ಟಿನ, ಆಸ್ಪತ್ರೆಯ, ಮರಣದ ದಾಖಲೆಗಳು ಬೇರೆಯದನ್ನೇ ಹೇಳಿದವು. ಕೆಲವು ವಿಷಯಗಳಲ್ಲಿ ಸಹಾಯ ಪಡೆದ ಗುಂಪಿನ ಪರಿಸ್ಥಿತಿಯೇ ಹೆಚ್ಚು ಕೆಟ್ಟಿತ್ತು. ಮಕ್ಕಳನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವ ‘ಸ್ಕೇರ್ಡ್ ಸ್ಟ್ರೇಟ್’ ಕಾರ್ಯಕ್ರಮಗಳ ಹಣೆಬರಹವೂ ಇದೇ. ಒಂಬತ್ತು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ, ಹೋಗಿಬಂದ ಮಕ್ಕಳು ಹೋಗದವರಿಗಿಂತ ಜಾಸ್ತಿ ತಪ್ಪು ಮಾಡಿದ್ದರು. ಹೋಲಿಕೆಯ ಗುಂಪು ಇಲ್ಲದಿದ್ದರೆ ಎರಡೂ ಕಾರ್ಯಕ್ರಮಗಳಿಗೆ ಇವತ್ತಿಗೂ ಚಪ್ಪಾಳೆ ಸಿಗುತ್ತಿತ್ತು. ಅದಕ್ಕೇ ‘ನಿಮಗೆ ತೃಪ್ತಿಯಾಯಿತೇ’ ಅನ್ನುವ ಫಾರಂ ಮೇಲೆ ತೀರ್ಪು ಬರೆಯಬೇಡಿ.

‘ಮತ್ತೆ ತಪ್ಪು ಮಾಡಿದ’ ಅಂದರೆ ಏನು

ಮತ್ತೆ ಪೊಲೀಸರು ಹಿಡಿದರೆ ಸಾಕೇ, ಆರೋಪ ಹೊರಿಸಬೇಕೇ, ಕೋರ್ಟಿನಲ್ಲಿ ಸಾಬೀತಾಗಬೇಕೇ? ಆರು ತಿಂಗಳು ನೋಡುತ್ತೀರಾ, ಎರಡು ವರ್ಷವೇ? ಇದನ್ನು ಮೊದಲೇ ಬರೆದಿಡಿ, ಅಂಕಿ ಕೈಗೆ ಬಂದ ಮೇಲಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಧಿಕೃತ ಲೆಕ್ಕದಲ್ಲಿ 12 ತಿಂಗಳು ಗಮನಿಸಿ, ಆ ಅವಧಿಯ ಪ್ರಕರಣಗಳು ತೀರ್ಮಾನವಾಗಲು ಇನ್ನೂ 6 ತಿಂಗಳು ಕಾಯುತ್ತಾರೆ. ಹಾಗೆ ಕಾಯದೆ ಅವಸರ ಮಾಡಿದರೆ ಪ್ರಕರಣ ಬಾಕಿ ಇರುವ ಮಗುವೂ ‘ಯಶಸ್ಸು’ ಅಂತ ಲೆಕ್ಕಕ್ಕೆ ಬರುತ್ತದೆ. ಹೌದು-ಇಲ್ಲ ಅಂತ ಮಾತ್ರ ಬರೆದು ನಿಲ್ಲಿಸಬೇಡಿ. ಹತ್ತು ಸಲ ಸಿಕ್ಕಿಬೀಳುತ್ತಿದ್ದ ಹುಡುಗ ಒಂದು ಸಲಕ್ಕೆ ಇಳಿದಿದ್ದರೆ, ಹೊಡೆದಾಟದಿಂದ ಟಿಕೆಟ್ ಇಲ್ಲದ ಪ್ರಯಾಣಕ್ಕೆ ಬಂದಿದ್ದರೆ, ಅದು ದೊಡ್ಡ ಬದಲಾವಣೆ. ಎಷ್ಟು ಸಲ, ಎಷ್ಟು ಗಂಭೀರ ಅನ್ನುವ ಎರಡು ಕಾಲಂ ಸೇರಿಸಿ. ಶಾಲೆಗೆ ಮರಳಿದ್ದು, ಮನೆಯಲ್ಲಿ ನೆಲೆ ಸಿಕ್ಕಿದ್ದು ಕೂಡ ಬರೆಯಿರಿ.

ರಿಜಿಸ್ಟರ್‌ನಲ್ಲಿ ನಾನು ಬೆರಳಿಟ್ಟು ಓದುವ ಕಾಲಂಗಳು ಇನ್ನೆರಡಿವೆ. ಒಂದು, ಮಗುವನ್ನು ಕಳಿಸಿದ ದಿನಕ್ಕೂ ಮೊದಲ ಭೇಟಿಯ ದಿನಕ್ಕೂ ಇರುವ ಅಂತರ. ಆರು ವಾರ ಅಂದರೆ ಹದಿನೈದು ವರ್ಷದ ಹುಡುಗನಿಗೆ ಅದೊಂದು ಯುಗ. ಅಷ್ಟರಲ್ಲಿ ಅವನು ಶಾಲೆ ಬಿಟ್ಟಿರಬಹುದು, ಮನೆ ಬಿಟ್ಟಿರಬಹುದು. ಇನ್ನೊಂದು, ಫೈಲ್ ಮುಚ್ಚಿದ ಕಾರಣ. ಒಂದು ಸಂಸ್ಥೆಯ ರಿಜಿಸ್ಟರ್‌ನಲ್ಲಿ ಆ ಕಾಲಂ ತುಂಬಾ ಒಂದೇ ಮಾತು: ‘ಸಂಪರ್ಕಕ್ಕೆ ಸಿಗಲಿಲ್ಲ’. ಒಂದೇ ಕೈಬರಹ, ಒಂದೇ ಶಾಯಿ, ತಿಂಗಳ ಕೊನೆಯ ತಾರೀಕು. ಅದೇ ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಆ ಮಕ್ಕಳು ಲೆಕ್ಕಕ್ಕೇ ಇರಲಿಲ್ಲ. ಯಶಸ್ಸಿನ ಶೇಕಡಾವಾರು ತೆಗೆದದ್ದು ಕೋರ್ಸ್ ಮುಗಿಸಿದವರನ್ನು ಮಾತ್ರ ಇಟ್ಟುಕೊಂಡು. ಮುಗಿಸುವ ಮಕ್ಕಳು ಮೊದಲಿಂದಲೂ ಸ್ವಲ್ಪ ಗಟ್ಟಿ ನೆಲದ ಮೇಲೆ ನಿಂತವರು. ಒಳಗೆ ಬಂದ ಪ್ರತಿಯೊಬ್ಬರನ್ನೂ ಎಣಿಸಿ, ಅರ್ಧಕ್ಕೆ ಬಿಟ್ಟವರನ್ನೂ ಸೇರಿಸಿ. ಇದರಲ್ಲಿ ರಾಜಿ ಬೇಡ.

ಕಾಗದದ ಮೇಲಿನ ಕಾರ್ಯಕ್ರಮವೇ ಮಗುವಿಗೆ ಸಿಕ್ಕಿತೇ ಅಂತಲೂ ನೋಡಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕುಟುಂಬದ ಜೊತೆ ಕೆಲಸ ಮಾಡುವ ‘ಫಂಕ್ಷನಲ್ ಫ್ಯಾಮಿಲಿ ಥೆರಪಿ’ಯನ್ನು ಪರಿಶೀಲಿಸಿದಾಗ, ಅದನ್ನು ಸರಿಯಾಗಿ ನಡೆಸಿದ ಚಿಕಿತ್ಸಕರ ಬಳಿ ಹೋದ ಮಕ್ಕಳಲ್ಲಿ ಮತ್ತೆ ಅಪರಾಧ ಕಡಿಮೆಯಾಗಿತ್ತು. ಸರಿಯಾಗಿ ನಡೆಸದವರ ಬಳಿ ಹೋದವರಲ್ಲಿ ಆ ಲಾಭ ಕಾಣಲಿಲ್ಲ. ಹಾಗಾಗಿ ಒಂದೆರಡು ದಿನ ಕೇಸ್ ವರ್ಕರ್ ಪಕ್ಕ ಕೂತು ನೋಡಿ. ಒಬ್ಬರ ಮೇಲೆ ಎಷ್ಟು ಮಕ್ಕಳ ಹೊರೆ ಇದೆ, ಎಷ್ಟು ಸಲ ಜಾಗ ಖಾಲಿ ಬಿದ್ದಿತ್ತು, ಕಂತು ತಡವಾಗಿ ಸಂಬಳ ನಿಂತದ್ದೆಷ್ಟು ತಿಂಗಳು ಅಂತ ಕೇಳಿ. ವಿಚಾರ ಒಳ್ಳೆಯದಿದ್ದೂ ಸಂಬಳ ತಡವಾಗಿ ಸೋತ ಯೋಜನೆಯನ್ನು ‘ವಿಚಾರವೇ ಸರಿಯಿಲ್ಲ’ ಅಂತ ಮುಚ್ಚಿಸಿದರೆ ದೊಡ್ಡ ಅನ್ಯಾಯ.

ಮಕ್ಕಳ ಜೊತೆ ಮಾತಾಡಿ. ಆದರೆ ಮೊದಲು ಅನುಮತಿ, ಆಮೇಲೆ ಪ್ರಶ್ನೆ. ಒಲ್ಲೆ ಅಂದರೆ ಸೇವೆ ನಿಲ್ಲುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ. ಸಿಬ್ಬಂದಿ ಎದುರು ಕೂರಿಸಬೇಡಿ. ತಪ್ಪಿನ ವಿವರ ಕೇಳಲೇಬೇಡಿ, ಅದು ಫೈಲ್‌ನಲ್ಲಿದೆ. ‘ಇಲ್ಲಿ ಏನು ನಡೆಯುತ್ತದೆ ಅಂತ ನಿನಗೆ ಯಾರಾದರೂ ತಿಳಿಸಿ ಹೇಳಿದರಾ?’ ಅಂತ ಕೇಳಿ. ಆ ಒಂದು ಪ್ರಶ್ನೆಗೆ ಬಂದ ಉತ್ತರಗಳು ನನಗೆ ಎಷ್ಟೋ ಕೋಷ್ಟಕಗಳಿಗಿಂತ ಹೆಚ್ಚು ಕಲಿಸಿವೆ. ಸಣ್ಣ ಊರಿನ ಅಂಕಿಗಳನ್ನು ಪ್ರಕಟಿಸುವಾಗ ಐದಕ್ಕಿಂತ ಕಡಿಮೆ ಇರುವ ಸಂಖ್ಯೆಗಳನ್ನು ಮರೆಮಾಡಿ. ಇಲ್ಲದಿದ್ದರೆ ಯಾವ ಮಗು ಅಂತ ಊರಿಗೆಲ್ಲ ಗೊತ್ತಾಗುತ್ತದೆ.

ಶ್ರೇಯಸ್ಸು ಯಾರದು

ಕಾನೂನು ಬದಲಾದ ಸಮಯದಲ್ಲೇ ಹಣವೂ ಹರಿದರೆ ಬಿಡಿಸುವುದು ಕಷ್ಟ. ಕೆನಡಾದಲ್ಲಿ ಕೇಂದ್ರ ಸರ್ಕಾರ 12ರಿಂದ 17 ವರ್ಷದವರ ಸೇವೆಗಳಿಗೆ ಪ್ರಾಂತ್ಯಗಳಿಗೆ ಹಣ ಕೊಡುತ್ತದೆ. ಅಲ್ಲಿ 2003ರ ಏಪ್ರಿಲ್ 1ರಂದು ಹದಿಹರೆಯದವರ ಅಪರಾಧಗಳ ಬಗ್ಗೆ ಹೊಸ ಕಾನೂನು ಜಾರಿಗೆ ಬಂತು. ಕಸ್ಟಡಿಗೆ ಹೋಗುವವರು ತುಂಬಾ ಕಡಿಮೆಯಾದರು. ಕಾನೂನಿನಿಂದಲೇ, ಹಣದಿಂದಲೇ, ಅಪರಾಧವೇ ಕಡಿಮೆಯಾದದ್ದರಿಂದಲೇ? ‘ನಮ್ಮ ಅನುದಾನದಿಂದ’ ಅಂತ ಬರೆಯಲು ಯಾರಿಗೂ ಆಸೆಯಾಗುತ್ತದೆ. ಆ ಹಣದಿಂದ ಯಾವ ಸೇವೆ ಹುಟ್ಟಿತು, ಅದನ್ನು ಯಾವ ಅಧಿಕಾರಿ ಬಳಸಿದರು, ಯಾವ ಮಗು ಅದರಿಂದಾಗಿ ಕಸ್ಟಡಿಯ ಹೊರಗುಳಿಯಿತು ಅಂತ ಕೊಂಡಿ ಕೊಂಡಿಯಾಗಿ ತೋರಿಸಲು ಆದರೆ ‘ನೆರವಾಯಿತು’ ಅಂತ ಬರೆಯಿರಿ. ಅದಕ್ಕಿಂತ ಮುಂದೆ ಹೋಗಬೇಡಿ. ಅದೇ ದೇಶದಲ್ಲಿ ಒಟ್ಟು ಸಂಖ್ಯೆ ಇಳಿದರೂ ಮೂಲನಿವಾಸಿ ಮಕ್ಕಳು ಕಸ್ಟಡಿಯಲ್ಲಿ ತಮ್ಮ ಜನಸಂಖ್ಯೆಯ ಪಾಲಿಗಿಂತ ಎಷ್ಟೋ ಹೆಚ್ಚಾಗಿಯೇ ಉಳಿದರು. ಯಾವ ಸಮುದಾಯದ ಮಗುವಿಗೆ ಎಚ್ಚರಿಕೆ ಸಿಗುತ್ತದೆ, ಯಾವ ಸಮುದಾಯದ ಮಗುವಿಗೆ ಕೋಣೆ ಸಿಗುತ್ತದೆ ಅಂತ ಬೇರೆ ಬೇರೆ ತೋರಿಸದ ವರದಿಗೆ ನಾನು ಸಹಿ ಹಾಕುವುದಿಲ್ಲ.

ಖರ್ಚಿನ ವಿಷಯ ಚಿಕ್ಕದಾಗಿ. ಒಂದು ಮಗುವಿಗೆ ತಗುಲಿದ ಖರ್ಚನ್ನು ಆ ಮಗುವಿಗೆ ಬೇರೆ ಕಡೆ ಆಗುತ್ತಿದ್ದ ಖರ್ಚಿನ ಪಕ್ಕ ಇಡಿ. ಬಲೆ ಹಿಗ್ಗಿದ್ದರೆ ಆ ‘ಬೇರೆ ಕಡೆ’ಯ ಖರ್ಚು ಸೊನ್ನೆ. ಆಗ ಉಳಿತಾಯವೇ ಇಲ್ಲ. ತೊಂದರೆಗೊಳಗಾದವರಿಗೆ ತಪ್ಪಿದ ನಷ್ಟವನ್ನೂ ಸೇರಿಸಿ.

ಕಡೆಯದಾಗಿ, ಮುಂದಿನ ಅನುದಾನದ ಒಪ್ಪಂದಕ್ಕೆ ಸಹಿ ಬೀಳುವ ಮುಂಚೆ ನಿಮ್ಮ ಕರಡನ್ನು ಅಧಿಕಾರಿಗಳಿಗೆ ಕೊಡಿ. ಒಪ್ಪಂದದಲ್ಲಿ ನಾಲ್ಕು ಸಾಲು ಸೇರಿಸಲು ಹೇಳಿ: ಮಗುವನ್ನು ಕಳಿಸಿದವರು ಯಾರು, ಬಂದಾಗಿನ ಅಪಾಯದ ಮಟ್ಟ, ಮೊದಲ ಭೇಟಿಯ ದಿನ, ಫೈಲ್ ಮುಚ್ಚಿದ ಕಾರಣ. ಈ ನಾಲ್ಕನ್ನು ತುಂಬದ ಸಂಸ್ಥೆಗೆ ಎರಡನೇ ಕಂತು ತಡೆಹಿಡಿಯಲಿ. ತುಂಬುವ ಸಿಬ್ಬಂದಿಗೆ ಬೇಕಾದ ಸಮಯ, ಸಂಬಳವನ್ನು ಮೊದಲ ಕಂತಿನಲ್ಲೇ ಕೊಡಲಿ.