ಇಂಗ್ಲೆಂಡಿನ ಹಳೆಯ ಚರ್ಚ್ ಅಂಗಳದ ಸಮಾಧಿಗಳು: ಅರಿಯುವ ಮತ್ತು ಕಾಪಾಡುವ ಕ್ರಮ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಳೆಯ ಆಂಗ್ಲಿಕನ್ ಚರ್ಚನ್ನು ಸುತ್ತುವರಿದಿರುವ ಸಮಾಧಿಭೂಮಿಯ ಉಸ್ತುವಾರಿಗೆ ಕೈಹಾಕುವವರು ಒಂದು ಸಂಗತಿಯನ್ನು ಮೊದಲೇ ಮನದಟ್ಟು ಮಾಡಿಕೊಳ್ಳಬೇಕು. ಅಲ್ಲಿನ ಕಲ್ಲುಗಳನ್ನು ಮಳೆ ಮತ್ತು ಹಿಮ ಸವೆಸಿರುವುದು ನಿಜವಾದರೂ, ಒಳ್ಳೆಯ ಮನಸ್ಸಿನಿಂದಲೇ ನಡೆದ ತೊಳೆಯುವ, ಉಜ್ಜುವ, ನೆಟ್ಟಗೆ ನಿಲ್ಲಿಸುವ ಕೆಲಸಗಳಿಂದಲೂ ಅವುಗಳಿಗೆ ಬಹಳ ಪೆಟ್ಟಾಗಿದೆ. ಆದ್ದರಿಂದ ಜಾಗವನ್ನು ಅರಿಯುವುದು, ದಾಖಲಿಸುವುದು, ಅನುಮತಿ ಪಡೆಯುವುದು, ಅದಾದ ಮೇಲಷ್ಟೇ ಕಲ್ಲನ್ನು ಮುಟ್ಟುವುದು ಸರಿಯಾದ ಕ್ರಮ.

ಅರಿಯುವ ಕೆಲಸ ನೆಲದಿಂದ ಶುರುವಾಗುತ್ತದೆ. ಹಲವು ಚರ್ಚುಗಳ ಸುತ್ತಲಿನ ನೆಲ ಹೊರಗಿನ ರಸ್ತೆಗಿಂತ ಎತ್ತರದಲ್ಲಿರುವುದಕ್ಕೆ ಶತಮಾನಗಳ ಕಾಲ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹೂಳಿದ್ದೇ ಮುಖ್ಯ ಕಾರಣ. ಹೀಗೆ ಹೂಳಲ್ಪಟ್ಟವರಲ್ಲಿ ಬಹುಪಾಲು ಜನರಿಗೆ ಯಾವ ಕಲ್ಲೂ ಇಲ್ಲ. ಹೊರಾಂಗಣದಲ್ಲಿ ಸಮಾಧಿಕಲ್ಲು ನಿಲ್ಲಿಸುವ ರೂಢಿ ಸಾಮಾನ್ಯವಾದದ್ದು ಹದಿನೇಳನೆಯ ಶತಮಾನದಲ್ಲಿ. ಅದಕ್ಕೂ ಮುಂಚೆ ನೆಟ್ಟಿದ್ದ ಮರದ ಹಲಗೆಗಳು ಕೊಳೆತುಹೋಗಿವೆ. ಹನ್ನೆರಡನೆಯ ಶತಮಾನದ ಚರ್ಚಿನ ಅಂಗಳದಲ್ಲಿ 1650ಕ್ಕಿಂತ ಹಳೆಯ ಕಲ್ಲು ಒಂದೂ ಕಾಣಿಸದಿದ್ದರೆ ಅಚ್ಚರಿಪಡಬೇಕಾಗಿಲ್ಲ. ಶವವನ್ನು ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಬರುವಂತೆ ಇಡುವುದು ವಾಡಿಕೆಯಾಗಿತ್ತು. ಉತ್ತರದ ಬದಿಯನ್ನು ಜನ ಅಷ್ಟಾಗಿ ಇಷ್ಟಪಡುತ್ತಿರಲಿಲ್ಲವಾದ್ದರಿಂದ ಹಳೆಯ ಕಲ್ಲುಗಳನ್ನು ಹುಡುಕುವವರು ಚರ್ಚಿನ ದಕ್ಷಿಣದಿಂದಲೇ ಆರಂಭಿಸುವುದು ಒಳ್ಳೆಯದು. ಕೆತ್ತನೆಯೂ ಕಾಲವನ್ನು ಹೇಳುತ್ತದೆ: ತಲೆಬುರುಡೆ, ಮರಳುಗಡಿಯಾರಗಳು ಮೊದಲಿನವು, ರೆಕ್ಕೆ ಮೂಡಿದ ಮಗುವಿನ ಮುಖ ಹದಿನೆಂಟನೆಯ ಶತಮಾನದ್ದು, ಬಟ್ಟೆ ಹೊದಿಸಿದ ಕಲಶ ಅದರ ನಂತರದ್ದು, ಎತ್ತರದ ಶಿಲುಬೆಗಳು ಹೆಚ್ಚಾಗಿ ವಿಕ್ಟೋರಿಯಾ ರಾಣಿಯ ಕಾಲದವು.

ಕಲ್ಲಿಲ್ಲದವರ ಹೆಸರು ಸಿಗುವುದು ಪ್ಯಾರಿಷ್‌ನ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರಿನ, ದಾಖಲೆ ಪುಸ್ತಕಗಳಲ್ಲಿ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ದೊರೆ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆಜ್ಞೆ ಹೊರಡಿಸಿದನು. 1813ರಿಂದ ಅಚ್ಚಾದ ನಮೂನೆಯ ಪುಸ್ತಕದಲ್ಲಿ ಹೆಸರು, ವಾಸಸ್ಥಳ, ದಿನಾಂಕ, ವಯಸ್ಸು, ಸಂಸ್ಕಾರ ನಡೆಸಿದ ಪಾದ್ರಿಯ ಸಹಿ ಇವೆಲ್ಲ ಬರತೊಡಗಿದವು. ಆ ವಯಸ್ಸಿನ ಅಂಕಣವನ್ನು ಕೆಲವು ಪುಟಗಳಷ್ಟು ಓದಿದರೂ ಸಾಕು, ಎಷ್ಟು ಶಿಶುಗಳು ಈ ನೆಲದಲ್ಲಿವೆ ಎಂಬುದು ಯಾವ ಕಲ್ಲಿಗಿಂತಲೂ ಸ್ಪಷ್ಟವಾಗಿ ತಿಳಿಯುತ್ತದೆ. ಹಳೆಯ ಪುಸ್ತಕಗಳಲ್ಲಿ ಹೆಚ್ಚಿನವು ಈಗ ಕೌಂಟಿ (ಜಿಲ್ಲಾ) ದಾಖಲೆ ಕಚೇರಿಗಳಲ್ಲಿವೆ. ಓದುವಾಗ ಒಂದು ಎಚ್ಚರಿಕೆ ಬೇಕು. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ರಂದು. ಹೀಗಾಗಿ 1720ರ ಫೆಬ್ರವರಿ ಎಂದು ಬರೆದಿರುವುದು ನಮ್ಮ ಲೆಕ್ಕಕ್ಕೆ 1721. ಕೆಲವು ಕಲ್ಲುಗಳ ಮೇಲೆ ಎರಡೂ ವರ್ಷಗಳನ್ನು ಗೆರೆ ಹಾಕಿ ಕೆತ್ತಿರುವುದು ಈ ಕಾರಣಕ್ಕೇ. ಅದನ್ನು ಕಂಡಂತೆಯೇ ನಕಲು ಮಾಡಬೇಕು, ತಿದ್ದಬಾರದು.

ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಪಟ್ಟಣಗಳ ಅಂಗಳಗಳು ತುಂಬಿ ತುಳುಕುತ್ತಿದ್ದವು. 1850ರ ದಶಕದ ಶವಸಂಸ್ಕಾರ ಕಾಯಿದೆಗಳ ಬಲದಿಂದ ಅವುಗಳಲ್ಲಿ ಹಲವನ್ನು ಹೊಸ ಸಮಾಧಿಗಳಿಗೆ ಮುಚ್ಚಲಾಯಿತು. ಹೀಗೆ ಮುಚ್ಚಿದ ಅಂಗಳದ ನಿರ್ವಹಣೆಯನ್ನು 1972ರ ಸ್ಥಳೀಯಾಡಳಿತ ಕಾಯಿದೆಯ ಪ್ರಕಾರ ಸ್ಥಳೀಯ ಆಡಳಿತಕ್ಕೆ ವಹಿಸಲು ಬರುತ್ತದೆ. ಆದ್ದರಿಂದ ಹುಲ್ಲು ಕತ್ತರಿಸುವ ಹೊಣೆ ಚರ್ಚಿನ ಪ್ಯಾರಿಷ್ ಮಂಡಳಿಯದೋ ಸ್ಥಳೀಯ ಆಡಳಿತದ್ದೋ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ನಿರ್ವಹಣೆ ಯಾರದೇ ಆಗಿರಲಿ, ಪವಿತ್ರೀಕರಿಸಿದ ನೆಲ ಡಯೋಸಿಸ್‌ನ (ಬಿಷಪ್ಪರ ಆಡಳಿತ ವ್ಯಾಪ್ತಿಯ) ಅಧಿಕಾರದಲ್ಲೇ ಉಳಿಯುತ್ತದೆ. ಕಲ್ಲನ್ನು ಸರಿಸಲು, ದುರಸ್ತಿ ಮಾಡಲು ಅಥವಾ ಹೊಸ ರಚನೆ ಕಟ್ಟಲು ಸಾಮಾನ್ಯವಾಗಿ ‘ಫ್ಯಾಕಲ್ಟಿ’ ಎಂಬ ಅನುಮತಿ ಬೇಕಾಗುತ್ತದೆ. ಅದನ್ನು ಕೊಡುವುದು ಬಿಷಪ್ಪರ ಕನ್ಸಿಸ್ಟರಿ ನ್ಯಾಯಾಲಯ. ಸಣ್ಣಪುಟ್ಟ ಕೆಲಸಗಳಿಗೆ ಅನುಮತಿಯೇ ಬೇಡದಿರಬಹುದು, ಇಲ್ಲವೆ ಬಿಷಪ್ಪರ ಕೈಕೆಳಗಿನ ಹಿರಿಯ ಪಾದ್ರಿಯಾದ ಆರ್ಚ್‌ಡೀಕನ್ ಅವರ ಲಿಖಿತ ಒಪ್ಪಿಗೆ ಸಾಕಾಗಬಹುದು. ಕಲ್ಲಿನ ಒಡೆತನ ಮಾತ್ರ ಚರ್ಚಿನದಲ್ಲ. ಅದು ನಿಲ್ಲಿಸಿದವರದು, ಅವರ ಕಾಲಾನಂತರ ಯಾರ ನೆನಪಿಗೆ ಅದನ್ನು ನಿಲ್ಲಿಸಲಾಗಿದೆಯೋ ಅವರ ವಾರಸುದಾರರದು. ಕೆಲವು ಸಮಾಧಿಗಳಿಗೆ ರಾಷ್ಟ್ರೀಯ ಪರಂಪರೆಯ ಪಟ್ಟಿಯ ರಕ್ಷಣೆಯೂ ಇರುತ್ತದೆ. ಎರಡು ಮಹಾಯುದ್ಧಗಳಲ್ಲಿ ಮಡಿದ ಸೈನಿಕರ ಕಲ್ಲುಗಳಿದ್ದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವನ್ನು ಕೇಳದೆ ಅವನ್ನು ಮುಟ್ಟಬಾರದು.

ದಾಖಲಿಸುವಾಗ ಇಡೀ ಅಂಗಳದ ನಕ್ಷೆ ಬರೆದು, ಪ್ರತಿ ಕಲ್ಲಿಗೂ ಒಂದು ಸಂಖ್ಯೆ ಕೊಟ್ಟು, ಮುಂದೆ ಹಿಂದೆ ಎರಡೂ ಬದಿಯ ಛಾಯಾಚಿತ್ರ ತೆಗೆಯಬೇಕು. ಹಿಂಬದಿಯಲ್ಲಿ ಕೆಳಗೆ ಕೆಲವೊಮ್ಮೆ ಶಿಲ್ಪಿಯ ಹೆಸರು ಸಿಗುತ್ತದೆ. ಸವೆದ ಅಕ್ಷರಗಳನ್ನು ಓದಲು ಸೀಮೆಸುಣ್ಣ, ಹಿಟ್ಟು ಬಳಿಯುವವರಿದ್ದಾರೆ. ಕಾಗದ ಹರಡಿ ಮೇಣದಿಂದ ಉಜ್ಜುವವರೂ ಇದ್ದಾರೆ. ಇವು ಯಾವುವೂ ಬೇಡ. ಒಂದು ಸಾಧಾರಣ ಕನ್ನಡಿಯನ್ನು ಕಲ್ಲಿನ ಪಕ್ಕಕ್ಕೆ ಹಿಡಿದು, ಬಿಸಿಲು ಕಲ್ಲಿನ ಮೈಯನ್ನು ಬದಿಯಿಂದ ಸವರಿ ಹೋಗುವಂತೆ ತಿರುಗಿಸಿದರೆ, ಅಕ್ಷರಗಳ ಒಂದು ಅಂಚಿಗೆ ಬೆಳಕು ಬಿದ್ದು ಇನ್ನೊಂದು ಅಂಚಿನಲ್ಲಿ ನೆರಳು ತುಂಬಿ, ಮಧ್ಯಾಹ್ನ ಬೋಳಾಗಿ ಕಂಡಿದ್ದ ಕಲ್ಲಿನಲ್ಲಿ ಹೆಸರು, ಊರು, ವರ್ಷ ಒಂದೊಂದಾಗಿ ಮೇಲೇಳುತ್ತವೆ. ಮೋಡದ ದಿನ ಕೈದೀಪವನ್ನು ಅದೇ ರೀತಿ ಹಿಡಿಯಬಹುದು. ಓದಲಾಗದ ಅಕ್ಷರವನ್ನು ಊಹಿಸಿ ತುಂಬದೆ ಚುಕ್ಕೆ ಇಟ್ಟು ಬಿಡಬೇಕು.

ಇನ್ನು ತೊಳೆಯುವ ವಿಚಾರ. ಹಳೆಯ ಕಲ್ಲಿನ ಮೇಲಿನ ಬೂದು, ಹಳದಿ, ಕಿತ್ತಳೆ ಬಣ್ಣದ ಮಚ್ಚೆಗಳು ಕೊಳೆಯಲ್ಲ, ಕಲ್ಲುಹೂವುಗಳು. ಅವುಗಳಲ್ಲಿ ಹಲವು ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ; ಅಂಗೈಯಗಲದ ಮಚ್ಚೆಯೊಂದಕ್ಕೆ ಕಲ್ಲಿನಷ್ಟೇ ವಯಸ್ಸಾಗಿರಬಹುದು. ಬಂಡೆಗಳೇ ಇಲ್ಲದ ಬಯಲುಸೀಮೆಯ ಕೌಂಟಿಗಳಲ್ಲಿ ಅವಕ್ಕೆ ಚರ್ಚ್ ಅಂಗಳವೇ ಮುಖ್ಯ ಆಶ್ರಯ. ಅವನ್ನು ಕೆರೆದರೆ ಒಂದು ಜೀವವಷ್ಟೇ ಹೋಗುವುದಿಲ್ಲ, ಅದರೊಂದಿಗೆ ಕಲ್ಲಿನ ಮೇಲ್ಪದರವೂ ಎದ್ದುಬರುತ್ತದೆ. ಆದ್ದರಿಂದ ನನ್ನ ಖಚಿತವಾದ ಅಭಿಪ್ರಾಯವೆಂದರೆ, ಹೆಚ್ಚಿನ ಕಲ್ಲುಗಳನ್ನು ತೊಳೆಯಲೇಬಾರದು. ತೀರ ಅಗತ್ಯವೆನಿಸಿ ಅನುಮತಿಯೂ ಸಿಕ್ಕಿದ್ದರೆ ಬರಿಯ ನೀರು ಮತ್ತು ಮೃದುವಾದ ಕುಂಚ ಸಾಕು. ಬ್ಲೀಚ್, ಆಮ್ಲ, ತಂತಿಯ ಕುಂಚ, ಒತ್ತಡದಿಂದ ನೀರು ಚಿಮ್ಮುವ ಯಂತ್ರ ಇವುಗಳಿಗೆ ಅಂಗಳದಲ್ಲಿ ಜಾಗವಿಲ್ಲ. ಮರಳುಗಲ್ಲಿನ ಪದರ ಬಿಡುತ್ತಿದ್ದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಕುಂಚವನ್ನೂ ತಾಗಿಸದೆ ಕಲ್ಲಿನ ಸಂರಕ್ಷಣೆಯಲ್ಲಿ ಪರಿಣತಿ ಪಡೆದವರನ್ನು ಕರೆಸಬೇಕು. ಸ್ಲೇಟು ಗಟ್ಟಿಯಾದದ್ದು, ಅದರ ಅಕ್ಷರಗಳು ಮುನ್ನೂರು ವರ್ಷಗಳಾದರೂ ಹರಿತವಾಗಿ ಉಳಿಯುತ್ತವೆ. ಸುಣ್ಣಕಲ್ಲಿಗೆ ಆ ಭಾಗ್ಯವಿಲ್ಲ, ಆಮ್ಲ ಅದನ್ನು ನೇರವಾಗಿ ಕರಗಿಸುತ್ತದೆ.

ವಾಲಿದ ಕಲ್ಲುಗಳೆಲ್ಲ ಅಪಾಯಕಾರಿಯಲ್ಲ. ಎಷ್ಟೋ ಕಲ್ಲುಗಳು ನೂರಾರು ವರ್ಷಗಳಿಂದ ವಾಲಿಕೊಂಡೇ ಭದ್ರವಾಗಿವೆ. ಬದಿಯಲ್ಲಿ ನಿಂತು ಕೈಯಿಂದ ಮೆಲ್ಲಗೆ ಒತ್ತಿ ಅಲುಗಾಟವನ್ನು ನೋಡಬಹುದು. ಆಳೆತ್ತರ ಮೀರಿದ ಸ್ಮಾರಕಗಳನ್ನು ತಜ್ಞರೇ ಪರೀಕ್ಷಿಸಬೇಕು. ಬ್ರಿಟಿಷ್ ನ್ಯಾಯ ಸಚಿವಾಲಯ 2009ರಲ್ಲಿ ಹೊರಡಿಸಿದ ಮಾರ್ಗದರ್ಶನವೂ ಇಂಥ ಅಪಘಾತದ ಸಂಭವ ಬಹಳ ಕಡಿಮೆ ಎಂದೇ ಹೇಳಿ, ಅತಿಯಾದ ಕ್ರಮಗಳು ಬೇಡವೆಂದು ಎಚ್ಚರಿಸಿತು. ಹುಲ್ಲು ಕತ್ತರಿಸಲು ಅನುಕೂಲವಾಗಲೆಂದು ಕಲ್ಲುಗಳನ್ನು ಕಿತ್ತು ಗೋಡೆಗೆ ಸಾಲಾಗಿ ಒರಗಿಸಿದ ಅಂಗಳಗಳು ಇಪ್ಪತ್ತನೆಯ ಶತಮಾನದಲ್ಲಿ ಎಷ್ಟೋ ಆಗಿಹೋದವು. ಅಲ್ಲಿ ಹೆಸರು ಉಳಿದಿದೆ, ಆ ಹೆಸರಿನವರು ಎಲ್ಲಿ ಮಲಗಿದ್ದಾರೆ ಎಂಬುದು ಕಳೆದುಹೋಗಿದೆ. ಇದು ಮರಳಿ ಸರಿಪಡಿಸಲಾಗದ ನಷ್ಟ. ಪೆಟ್ಟಿಗೆಯಾಕಾರದ ಸಮಾಧಿಗಳಲ್ಲಿ ಕಲ್ಲುಗಳನ್ನು ಹಿಡಿದಿಟ್ಟಿರುವ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಉಬ್ಬಿ ಮೂಲೆಗಳನ್ನು ಸೀಳುತ್ತವೆ. ದುರಸ್ತಿಯಲ್ಲಿ ಅವುಗಳ ಬದಲು ಸ್ಟೇನ್‌ಲೆಸ್ ಸ್ಟೀಲ್, ಸಿಮೆಂಟಿನ ಬದಲು ಸುಣ್ಣದ ಗಾರೆ ಬಳಸಬೇಕು. ಸಿಮೆಂಟು ತೇವವನ್ನು ಹೊರಹೋಗಲು ಬಿಡದೆ ಮೃದುವಾದ ಕಲ್ಲನ್ನೇ ಪುಡಿಯಾಗಿಸುತ್ತದೆ.

ಹುಲ್ಲಿನ ಮಟ್ಟಿಗೆ, ದಾರಿಯ ಅಂಚನ್ನು ಮತ್ತು ಜನ ಬಂದುಹೋಗುವ ಸಮಾಧಿಗಳ ಸುತ್ತ ಚಿಕ್ಕದಾಗಿ ಇಟ್ಟುಕೊಂಡು, ಉಳಿದದ್ದನ್ನು ಹೂವು ಬೀಜವಾಗುವವರೆಗೆ ಬಿಟ್ಟು ಬೇಸಗೆಯ ಕೊನೆಯಲ್ಲಿ ಕೊಯ್ಯುವುದು ಉತ್ತಮ. ಕೊಯ್ದ ಹುಲ್ಲನ್ನು ಅಲ್ಲೇ ಬಿಟ್ಟರೆ ಮಣ್ಣಿನ ಸಾರ ಹೆಚ್ಚಿ ಒರಟು ಹುಲ್ಲು ಕಾಡುಹೂಗಳನ್ನು ಅಡಗಿಸುತ್ತದೆ, ಆದ್ದರಿಂದ ಗುಡಿಸಿ ತೆಗೆಯಬೇಕು. ನೈಲಾನ್ ದಾರದ ಯಂತ್ರವನ್ನು ಕಲ್ಲಿನ ಬುಡಕ್ಕೆ ಒಯ್ಯಬಾರದು. ಅಲ್ಲಿ ಕೈಗತ್ತರಿಯೇ ಸರಿ. ಕಳೆನಾಶಕ ಸಿಂಪಡಿಸಿದರೆ ಬುಡದ ಮಣ್ಣು ಬೋಳಾಗಿ ಕೊಚ್ಚಿಹೋಗಿ ಕಲ್ಲು ಸಡಿಲವಾಗುತ್ತದೆ. ಐವಿ ಬಳ್ಳಿಯನ್ನು ಎಳೆದು ಕೀಳದೆ, ಬುಡದಲ್ಲಿ ಕತ್ತರಿಸಿ, ಪೂರ್ತಿ ಒಣಗಿದ ಮೇಲೆ ಬಿಡಿಸಬೇಕು. ಕಲ್ಲಿನ ಸಂದಿನಲ್ಲಿ ಮೊಳೆತ ಸಸಿಗಳನ್ನು ಎಳೆಯವಾಗಿರುವಾಗಲೇ ತೆಗೆಯಬೇಕು. ಚರ್ಚಿಗಿಂತಲೂ ಹಳೆಯದಾಗಿರಬಹುದಾದ, ಯೂ ಎಂಬ ನಿತ್ಯಹಸಿರು ಮರಗಳ ಕೊಂಬೆಗೆ ಕತ್ತಿ ಹಾಕುವ ಮುನ್ನ ಆರ್ಚ್‌ಡೀಕನ್ ಅವರನ್ನು ಕೇಳಬೇಕು. ಜಾಗ ಸಂರಕ್ಷಿತ ಪ್ರದೇಶದೊಳಗಿದ್ದರೆ ಸ್ಥಳೀಯ ಆಡಳಿತಕ್ಕೆ 6 ವಾರ ಮುಂಚಿತವಾಗಿ ತಿಳಿಸಬೇಕು. ಕತ್ತರಿಸಿದ ಯೂ ಎಲೆ ಕುರಿ, ದನ, ಕುದುರೆಗಳಿಗೆ ಕಡುವಿಷವಾದ್ದರಿಂದ ಪಕ್ಕದ ಹುಲ್ಲುಗಾವಲಿಗೆ ಒಂದು ಎಸಳೂ ಬೀಳದಂತೆ ಆರಿಸಿ ಸಾಗಿಸಬೇಕು.