ಕಾಗದ ಎಲ್ಲಿ ನಿಂತಿದೆ, ಮೊದಲು ಅದನ್ನು ನೋಡಿ

ಸಾಗರದಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಮಳೆಗಾಲ ಹಿಡಿಯಿತೆಂದರೆ ಪಹಣಿ, ಬೆಳೆ ವಿಮೆ, ಕಾಲೇಜು ಸೇರುವ ಮಕ್ಕಳ ದಾಖಲೆ ಎಂದು ಜನ ಬಂದು ನಿಲ್ಲುತ್ತಾರೆ; ಲೇಸರ್ ಪ್ರಿಂಟರ್ ಕಾಗದ ಎಳೆಯಲು ತಕರಾರು ತೆಗೆಯುವುದೂ ಅದೇ ಹೊತ್ತಿಗೆ. ಈಗೀಗ ಅಕ್ಕಪಕ್ಕದವರೂ ಪ್ರಿಂಟರ್ ಹೊತ್ತು ತರುತ್ತಾರೆ. ಎಲ್ಲರಿಗೂ ನಾನು ಮೊದಲು ಕೇಳುವುದು ಒಂದೇ: ಕಾಗದ ಎಲ್ಲಿ ನಿಂತಿತು?

ಟ್ರೇ ಬಿಟ್ಟು ಅಲುಗದಿದ್ದರೆ ಪಿಕಪ್ ರೋಲರ್ ನೋಡುತ್ತೇನೆ. ಈ ರಬ್ಬರ್ ಉರುಳೆಗೆ ಕಾಗದವನ್ನು ಹಿಡಿದೆಳೆಯುವ ಒರಟುತನ ಬೇಕು. ಕಾಗದದ ಧೂಳು ಕೂತು ಕೂತು ಅದು ನುಣ್ಣಗೆ ಹೊಳೆಯತೊಡಗಿದರೆ ಜಾರುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ನಾರು ಬಿಡದ ಬಟ್ಟೆಯನ್ನು ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ, ರೋಲರನ್ನು ತಿರುಗಿಸುತ್ತ ಸುತ್ತಲೂ ಒರೆಸುತ್ತೇನೆ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲಬೇಕು. ಆಮೇಲೆ ಪೂರ್ತಿ ಒಣಗಲು ಬಿಡಬೇಕು. ಪೆಟ್ರೋಲ್, ಥಿನ್ನರ್ ಖಂಡಿತ ಬೇಡ, ರಬ್ಬರೇ ಹಾಳಾಗುತ್ತದೆ. ಒರೆಸಿದ ಮೇಲೂ ಸ್ವಲ್ಪ ದಿನಕ್ಕೇ ಮತ್ತೆ ಜಾರಿದರೆ ರಬ್ಬರ್ ಸವೆದಿದೆ ಎಂದರ್ಥ, ಬದಲಿಸುವುದೇ ಸರಿ.

ಎರಡು ಮೂರು ಹಾಳೆ ಒಟ್ಟಿಗೆ ಬಂದರೆ ಕೆಳಗಿರುವ ಸೆಪರೇಷನ್ ಪ್ಯಾಡ್ ಕಡೆ ಗಮನ ಕೊಡಿ. ಮೇಲಿನ ಹಾಳೆ ಹೋಗುವಾಗ ಅದರಡಿಯ ಹಾಳೆಯನ್ನು ತಡೆದು ನಿಲ್ಲಿಸುವುದು ಅದರ ಕೆಲಸ. ಆದರೆ ನಮ್ಮ ಮಲೆನಾಡಿನಲ್ಲಿ ಪ್ಯಾಡಿಗಿಂತ ಮೊದಲು ಕಾಗದವನ್ನೇ ಅನುಮಾನಿಸಬೇಕು. ಹೋದ ಮಳೆಗಾಲ ಶಾಲೆಯ ಮೇಷ್ಟ್ರೊಬ್ಬರು ಪ್ರಿಂಟರನ್ನೂ ಅವರ ಕಾಗದವನ್ನೂ ತಂದು, "ರೋಲರ್ ಸೆಟ್ಟೇ ಹೋಗಿದೆಯಂತೆ ಕಣ್ರೀ" ಎಂದರು. ಅವರ ಹಾಳೆ ಮುಟ್ಟಿದರೇ ತಣ್ಣಗೆ, ಅಂಚು ಅಲೆಅಲೆಯಾಗಿತ್ತು. ನನ್ನ ಕಪಾಟಿನಿಂದ ಹೊಸ ರೀಮ್ ಒಡೆದು ಹಾಕಿದೆ. ಒಂದೊಂದೇ ಹಾಳೆ ಸರಾಗವಾಗಿ ಬಂತು. "ಮೇಷ್ಟ್ರೇ, ರೋಲರಿಗೆ ದುಡ್ಡು ಹಾಕಬೇಡಿ, ಕಾಗದವನ್ನು ಕಿಟಕಿ ಪಕ್ಕದಿಂದ ಎತ್ತಿಡಿ" ಎಂದು ಕಳಿಸಿದೆ.

ಥಂಡಿ ಕುಡಿದ ಕಾಗದಕ್ಕೆ ಬಿಗಿ ಇರುವುದಿಲ್ಲ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಫ್ಯೂಸರಿನ, ಅಂದರೆ ಶಾಯಿಪುಡಿಯನ್ನು ಕಾಯಿಸಿ ಕಾಗದಕ್ಕೆ ಅಂಟಿಸುವ ಭಾಗದ, ಬಿಸಿಗೆ ಸಿಕ್ಕಾಗ ಸುರುಳಿ ಸುತ್ತಿ ಹೊರಬಾಗಿಲಲ್ಲೇ ಮಡಚಿಕೊಳ್ಳುತ್ತದೆ. ಅದಕ್ಕೇ 500 ಹಾಳೆಯ ರೀಮನ್ನು ನಾನು ಬೇಕಾದಾಗಲೇ ಒಡೆಯುವುದು. ಉಳಿದದ್ದನ್ನು ಅದರ ಹೊದಿಕೆಯಲ್ಲೇ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಪಾಟಿನಲ್ಲಿಡುತ್ತೇನೆ. ರಾತ್ರಿ ಟ್ರೇಯಲ್ಲಿ ಕಾಗದ ಬಿಡುವುದಿಲ್ಲ. ದಿನದ ಕೆಲಸಕ್ಕೆ 75 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ) ಸಾಕು, ಮಳೆಗಾಲದಲ್ಲಿ 80 ತರಿಸುತ್ತೇನೆ. ನಾಲ್ಕು ಕಾಸು ಹೆಚ್ಚಾದರೂ ಆ ಬಿಗಿಗೆ ಬೆಲೆ ಇದೆ.

ಟ್ರೇಯ ಗೈಡುಗಳು, ಅಂದರೆ ಕಾಗದವನ್ನು ಅಂಚಿನಲ್ಲಿ ಹಿಡಿಯುವ ಸರಿಸುವ ಪಟ್ಟಿಗಳು, ಕಾಗದಕ್ಕೆ ತಾಗಿರಬೇಕು, ಒತ್ತಬಾರದು. ಸಡಿಲವಾದರೆ ಹಾಳೆ ಓರೆಯಾಗಿ ಹೋಗುತ್ತದೆ, ಬಿಗಿಯಾದರೆ ಬಾಗುತ್ತದೆ.

ಒಳಗೆ ಏನೂ ಕಾಣದಿದ್ದರೂ "ಜಾಮ್" ಎಂದೇ ತೋರಿಸುತ್ತಿದ್ದರೆ ಟಾರ್ಚ್ ಹಿಡಿದು ಹುಡುಕುತ್ತೇನೆ. ಉಗುರಿನಷ್ಟು ಹರಿದ ಚೂರು ಸೆನ್ಸರಿನ ಪುಟ್ಟ ಕಡ್ಡಿಯನ್ನು ಒತ್ತಿ ಹಿಡಿದಿರುತ್ತದೆ. ಅದಕ್ಕೇ ಸಿಕ್ಕ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಆದಷ್ಟೂ ಅದು ಸಾಗುವ ದಿಕ್ಕಿಗೇ ನಿಧಾನವಾಗಿ ಎಳೆಯಬೇಕು. ಫ್ಯೂಸರ್ ಬಳಿ ಸಿಕ್ಕಿದ್ದರೆ ಅದು ಆರುವ ತನಕ ಕೈ ಹಾಕಬೇಡಿ, ಗಿರಾಕಿ ಎಷ್ಟೇ ಅವಸರ ಮಾಡಲಿ.