ಟಿಟಿ-02 ಕಟ್ಟಿದ್ದು: ಬೇರಿಂಗ್ ಮೊದಲು, ಮೋಟರ್ ಕೊನೆಗೆ

ಆರ್‌ಸಿ, ಅಂದರೆ ರಿಮೋಟಿನಿಂದ ಓಡಿಸುವ ಆಟದ ಕಾರಿನ ಹುಚ್ಚು ಹತ್ತಿದವರು ಕಿಟ್ ಕೈಗೆ ಬರುವ ಮೊದಲೇ ಕೇಳುವ ಪ್ರಶ್ನೆ ಒಂದೇ: ಯಾವ ಮೋಟರ್ ಹಾಕಿದರೆ ಜಾಸ್ತಿ ಓಡುತ್ತೆ? ಟಮಿಯಾ ಟಿಟಿ-02 ಕಿಟ್ ಕಟ್ಟಿ, ಬಿಚ್ಚಿ, ಒಂದೊಂದೇ ಭಾಗ ಬದಲಾಯಿಸುತ್ತ ಬಂದ ನನ್ನ ಲೆಕ್ಕವೇ ಬೇರೆ. ದುಡ್ಡು ಹೋಗಬೇಕಾದದ್ದು ಮೊದಲು ಬೇರಿಂಗಿಗೆ, ಆಮೇಲೆ ಡಿಫರೆನ್ಷಿಯಲ್, ಶಾಕ್, ಸ್ಟೀರಿಂಗ್, ಟೈರುಗಳಿಗೆ. ಮೋಟರಿನ ಸರದಿ ಇವೆಲ್ಲ ಮುಗಿದ ಮೇಲೆ.

ಟಿಟಿ-02 ಆರಿಸಿಕೊಂಡದ್ದಕ್ಕೆ ಕಾರಣ ಸರಳ. 1:10 ಅಳತೆಯ ಟೂರಿಂಗ್ ಕಾರು, ನಡುವಿನ ಶಾಫ್ಟಿನಿಂದ ನಾಲ್ಕೂ ಚಕ್ರಕ್ಕೆ ಎಳೆತ, ವೀಲ್‌ಬೇಸ್ 257 ಮಿ.ಮೀ. 2013ರಲ್ಲಿ ಟಿಟಿ-01ರ ಜಾಗಕ್ಕೆ ಬಂದ ಈ ಚಾಸಿಯನ್ನು ಕಂಪನಿ ಹತ್ತಾರು ಬಾಡಿಗಳ ಕೆಳಗೆ ಕೂರಿಸಿ ಮಾರುತ್ತಲೇ ಇದೆ. ಹಾಗಾಗಿ ಸ್ಪೇರ್ ಪಾರ್ಟಿಗೆ ಬರವಿಲ್ಲ. ಟಮಿಯಾ ಜಪಾನಿನ ಶಿಜುವೊಕಾದ ಕಂಪನಿ. 1946ರಲ್ಲಿ ಮರದ ವ್ಯಾಪಾರದಿಂದ ಶುರುವಾಗಿ, ಪ್ಲಾಸ್ಟಿಕ್ ಮಾಡೆಲ್‌ಗಳಿಗೆ ಹೊರಳಿ, 1976ರಲ್ಲಿ ಪೋರ್ಶೆ 934ರ ರೂಪದಲ್ಲಿ ತನ್ನ ಮೊದಲ ಎಲೆಕ್ಟ್ರಿಕ್ ಆರ್‌ಸಿ ಕಾರನ್ನು ತಂದಿತು. ಮಾಡೆಲ್ ಮಾಡುವವರ ಈ ಬುದ್ಧಿ ಇವತ್ತಿಗೂ ಕಿಟ್ ಒಳಗೆ ಕಾಣುತ್ತದೆ.

ನಮ್ಮಲ್ಲಿ ಕಷ್ಟ ಇರುವುದು ಕಟ್ಟುವುದರಲ್ಲಲ್ಲ, ತರಿಸುವುದರಲ್ಲಿ. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ ಒಂದೇ ಸಲಕ್ಕೆ 60ಕ್ಕೆ ಏರಿದ ಮೇಲೆ ಹೊರಗಿನಿಂದ ಪಾರ್ಸೆಲ್ ತರಿಸುವುದು ದುಬಾರಿ ಬಾಬತ್ತಾಯಿತು. ನನ್ನ ಕಿಟ್ ಬಂದದ್ದು ಸಿಂಗಾಪುರದಲ್ಲಿರುವ ಭಾವಮೈದನ ಸೂಟ್‌ಕೇಸಿನಲ್ಲಿ. ಕಿಟ್ಟಿನಲ್ಲಿ ಬ್ಯಾಟರಿ ಇರುವುದಿಲ್ಲ, ಆದ್ದರಿಂದ ತರುವವರಿಗೂ ತಲೆನೋವಿಲ್ಲ. ಬಣ್ಣದ ಸ್ಪ್ರೇ ಕ್ಯಾನ್ ಮಾತ್ರ ವಿಮಾನ ಹತ್ತುವ ಹಾಗಿಲ್ಲ. ಅದನ್ನು ಇಲ್ಲೇ ಹುಡುಕಿಕೊಳ್ಳಬೇಕು. ಬ್ಯಾಟರಿ, ಚಾರ್ಜರ್, ಸರ್ವೊ (ಮುಂದಿನ ಚಕ್ರ ತಿರುಗಿಸುವ ಪುಟ್ಟ ಮೋಟರು), ಟ್ರಾನ್ಸ್‌ಮಿಟರ್ ಇಲ್ಲೇ ಸಿಗುತ್ತವೆ.

ಪೆಟ್ಟಿಗೆ ಬಿಚ್ಚಿದರೆ ಎ, ಬಿ, ಸಿ ಎಂದು ಅಕ್ಷರ ಹಾಕಿದ ಚೀಲಗಳು, ಚೌಕಟ್ಟಿಗೆ ಅಂಟಿಕೊಂಡ ಪ್ಲಾಸ್ಟಿಕ್ ಭಾಗಗಳು, ಒಂದು ಮ್ಯಾನ್ಯುಯಲ್. ಆ ಮ್ಯಾನ್ಯುಯಲ್ ಬಗ್ಗೆ ಎರಡು ಮಾತು ಹೇಳಲೇಬೇಕು. ಪ್ರತಿ ಹಂತಕ್ಕೆ ಬೇಕಾದ ಸ್ಕ್ರೂಗಳ ಚಿತ್ರವನ್ನು ಪುಟದ ಅಂಚಿನಲ್ಲಿ ಅವುಗಳ ನಿಜ ಅಳತೆಯಲ್ಲೇ ಅಚ್ಚು ಹಾಕಿರುತ್ತಾರೆ. ಕೈಯಲ್ಲಿರುವುದು 3×8 ಸ್ಕ್ರೂ ಹೌದೋ, 3×10 ಹೌದೋ ಎಂಬ ಅನುಮಾನ ಬಂದರೆ ಸ್ಕ್ರೂವನ್ನು ಚಿತ್ರದ ಮೇಲೆ ಮಲಗಿಸಿ ನೋಡಿದರಾಯಿತು, ಸ್ಕೇಲ್ ಬೇಡ. ಓದಲು ಒಂದು ಅಕ್ಷರ ಬರದಿದ್ದರೂ ಚಿತ್ರ ನೋಡಿಕೊಂಡೇ ಕಾರು ಕಟ್ಟಬಹುದು.

ಸ್ಕ್ರೂಡ್ರೈವರ್ ವಿಷಯಕ್ಕೆ ಬಂದರೆ, ಮನೆಯಲ್ಲಿರುವ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಇದಕ್ಕೆ ಆಗುವುದಿಲ್ಲ. ಟಮಿಯಾ ಸ್ಕ್ರೂಗಳ ತಲೆಯಲ್ಲಿರುವುದು ಜಪಾನಿನ ಜೆಐಎಸ್ ಅಳತೆಯ ಕಚ್ಚು. ನೋಡಲು ಎರಡೂ ಪ್ಲಸ್ ಗುರುತೇ, ಆದರೆ ನಮ್ಮ ಫಿಲಿಪ್ಸ್ ತುದಿ ಅದರೊಳಗೆ ಪೂರ್ತಿ ಇಳಿಯುವುದಿಲ್ಲ; ಸ್ವಲ್ಪ ಬಲ ಹಾಕಿದರೆ ಮೇಲಕ್ಕೆ ಜಾರಿ ತಲೆಯನ್ನು ತಿಂದುಹಾಕುತ್ತದೆ. ಒಂದು ಜೆಐಎಸ್ ಡ್ರೈವರ್ ಕೊಂಡರೆ ಆ ರಗಳೆ ಇಲ್ಲ. ಇಲ್ಲಿ ಬರುವುದೆಲ್ಲ ಪ್ಲಾಸ್ಟಿಕ್ಕಿನಲ್ಲಿ ತಾವೇ ಮರೆ (ಸ್ಕ್ರೂ ಕಚ್ಚಿಕೊಳ್ಳುವ ಸುರುಳಿ ಗೀರು) ಕೊರೆದುಕೊಳ್ಳುವ ಸ್ಕ್ರೂಗಳು. ಒಂದು ಸುತ್ತು ಒಳಗೆ, ಅರ್ಧ ಸುತ್ತು ಹಿಂದಕ್ಕೆ, ಮತ್ತೆ ಒಳಗೆ. ತುದಿಗೆ ಚೂರು ಸೋಪು ಸವರಿದರೆ ಇನ್ನೂ ಸುಲಭ. ಸ್ಕ್ರೂ ತಲೆ ಪ್ಲಾಸ್ಟಿಕ್ಕಿಗೆ ತಾಗಿ, ಕೈಗೆ ಬಿಗಿ ಹಠಾತ್ತನೆ ಏರಿದ್ದು ಗೊತ್ತಾದ ಕೂಡಲೇ ನಿಲ್ಲಿಸಬೇಕು. ಅಲ್ಲಿಂದ ಕಾಲು ಸುತ್ತು ಹೆಚ್ಚಾದರೂ ಮರೆ ಹೋಯಿತು ಎಂದೇ ಲೆಕ್ಕ.

ಕಿಟ್ಟಿನಲ್ಲಿ ಚಕ್ರ, ಶಾಫ್ಟ್, ಗೇರುಗಳಿಗೆಲ್ಲ ಕೊಡುವುದು ಬುಷ್, ಅಂದರೆ ಒಳಗೆ ಗುಂಡುಗಳಿಲ್ಲದ ಸಾದಾ ಬಳೆ. ಅದರ ಜಾಗಕ್ಕೆ 5×11×4 ಮಿ.ಮೀ. ಬಾಲ್ ಬೇರಿಂಗ್ ಕೂರುತ್ತದೆ; ಆರ್‌ಸಿ ಅಂಗಡಿಯಲ್ಲಿ 1150 ಎಂದರೆ ಸಾಕು, ತೆಗೆದುಕೊಡುತ್ತಾರೆ. ಇದನ್ನು ಕಟ್ಟುವಾಗಲೇ ಹಾಕಬೇಕು, ಮುಂದೆ ನೋಡೋಣ ಎಂದು ಬಿಟ್ಟರೆ ಇಡೀ ಕಾರು ಬಿಚ್ಚಬೇಕಾಗುತ್ತದೆ. ನಮ್ಮ ಧೂಳಿಗೆ ರಬ್ಬರ್ ಸೀಲ್ ಇರುವುದೇ ಸೂಕ್ತ. ಬುಷ್ ಸವೆದಂತೆ ಶಾಫ್ಟ್ ಓಲಾಡುತ್ತದೆ, ಗೇರ್ ಹಲ್ಲು ತಿನ್ನುತ್ತದೆ, ಮೋಟರ್ ಬಿಸಿಯಾಗುತ್ತದೆ. ಬೇರಿಂಗ್ ಹಾಕಿದ ಕಾರನ್ನು ನೆಲದ ಮೇಲಿಟ್ಟು ಒಮ್ಮೆ ನೂಕಿದರೆ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ.

ನಾನು ಹೆಚ್ಚು ಹೊತ್ತು ಕೂತದ್ದು ಡಿಫರೆನ್ಷಿಯಲ್ ಮುಂದೆ. ಟಿಟಿ-02ರಲ್ಲಿ ಹಿಂದೊಂದು, ಮುಂದೊಂದು ಗೇರ್ ಡಿಫ್ ಇವೆ. ತಿರುವಿನಲ್ಲಿ ಒಳಚಕ್ರಕ್ಕಿಂತ ಹೊರಚಕ್ರ ಹೆಚ್ಚು ದೂರ ಓಡಬೇಕಲ್ಲ, ಅದಕ್ಕೆ ಅವಕಾಶ ಕೊಡುವುದೇ ಡಿಫ್. ಆದರೆ ತೀರಾ ಸಡಿಲವಾದ ಡಿಫ್ ಸುಲಭದ ದಾರಿ ಹಿಡಿಯುತ್ತದೆ: ಯಾವ ಚಕ್ರಕ್ಕೆ ಹಿಡಿತ ಕಮ್ಮಿಯೋ ಅದನ್ನೇ ತಿರುಗಿಸುತ್ತದೆ. ನಾನು ಓಡಿಸುವುದು ಮೈಸೂರಿನ ಹೊರಗೆ, ಇನ್ನೂ ಮನೆ ಏಳದ ಲೇಔಟಿನ ಡಾಂಬರು ರಸ್ತೆಗಳಲ್ಲಿ ಮತ್ತು ಒಂದು ಸಿಮೆಂಟು ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ. ಎರಡರ ಮೇಲೂ ಸಣ್ಣ ಮರಳಿನ ಪುಡಿ ಇದ್ದೇ ಇರುತ್ತದೆ. ತಿರುವಿನಿಂದ ಹೊರಬರುವಾಗ ಥ್ರಾಟಲ್ ಕೊಟ್ಟರೆ ಒಳಬದಿಯ ಮುಂದಿನ ಚಕ್ರ ಸುಮ್ಮನೆ ಗಿರ್ರನೆ ಸುತ್ತುತ್ತಿತ್ತು, ಕಾರು ಅಲ್ಲೇ ತೆವಳುತ್ತಿತ್ತು.

ಇದಕ್ಕೆ ಮದ್ದು ಗ್ರೀಸು. ರೇಸಿನವರು ಡಿಫ್‌ಗೆ ಸಿಲಿಕಾನ್ ಎಣ್ಣೆ ತುಂಬುತ್ತಾರೆ, ಆದರೆ ಟಿಟಿ-02ರ ಡಿಫ್‌ಗೆ ಸೀಲ್ ಇಲ್ಲ, ಎಣ್ಣೆ ಹಾಕಿದರೆ ಸೋರಿಹೋಗುತ್ತದೆ. ಟಮಿಯಾದ್ದೇ ಆಂಟಿ-ವೇರ್ ಗ್ರೀಸ್ ಸಿಗುತ್ತದೆ. ಬೆರಳಿಗೆ ಹತ್ತಿದರೆ ಎಳೆಎಳೆಯಾಗಿ ಬರುವಷ್ಟು ಜಿಗುಟು. ಮುಂದಿನ ಡಿಫ್ ಬಿಚ್ಚಿ, ಒಳಗಿನ ಸಣ್ಣ ಕೋನಾಕಾರದ ಗೇರುಗಳ ಸುತ್ತ ಸಂದಿಲ್ಲದ ಹಾಗೆ ಅದನ್ನು ತುಂಬಿ ಮುಚ್ಚಿದೆ. ಒಂದು ಬದಿಯ ಕಪ್ (ಚಕ್ರದ ಶಾಫ್ಟ್ ಕೂರುವ ಬಟ್ಟಲು) ಹಿಡಿದು ಇನ್ನೊಂದನ್ನು ತಿರುಗಿಸಿದರೆ ಈಗ ಗಟ್ಟಿ ಅಂಟಿನೊಳಗೆ ಕೈ ಆಡಿಸಿದ ಹಾಗೆ ನಿಧಾನ ತಿರುಗುತ್ತದೆ. ಹಿಂದಿನದಕ್ಕೆ ಹಲ್ಲಿಗೆ ಸವರುವಷ್ಟು ಮಾತ್ರ. ಹಿಂದಿನದೂ ಬಿಗಿಯಾದರೆ ಥ್ರಾಟಲ್ ಕೊಟ್ಟಾಗ ಬಾಲ ಹೊರಗೆ ಜಾರಿ ಕಾರು ಗಿರಕಿ ಹೊಡೆಯುತ್ತದೆ. ಡ್ರಿಫ್ಟ್ ಬೇಕಾದವರು ಬೇಕೆಂದೇ ಅದನ್ನು ಪೂರ್ತಿ ಲಾಕ್ ಮಾಡುತ್ತಾರೆ. ಕೈಗೆಟುಕುವ ಬೆಲೆಯ ಒಂದು ಟ್ಯೂಬ್ ಗ್ರೀಸು ಕೊಟ್ಟ ಫಲವನ್ನು ನನಗೆ ಇನ್ಯಾವ ಬಿಡಿಭಾಗವೂ ಕೊಟ್ಟಿಲ್ಲ.

ಕಿಟ್ಟಿನ ಶಾಕ್‌ಗಳಲ್ಲಿ ಎಣ್ಣೆ ಇಲ್ಲ, ಸ್ಪ್ರಿಂಗ್ ಮತ್ತು ಒಂದಿಷ್ಟು ಘರ್ಷಣೆ ಅಷ್ಟೇ. ರಸ್ತೆಯ ಉಬ್ಬಿಗೆ ಕಾರು ಚೆಂಡಿನಂತೆ ಪುಟಿಯುತ್ತದೆ. ನಾನು ಹಾಕಿದ್ದು ಟಮಿಯಾದ್ದೇ ಸಿವಿಎ ಹೆಸರಿನ ಎಣ್ಣೆ ಶಾಕ್. ಪಿಸ್ಟನ್ನಿಗೆ ಒಂದು, ಎರಡು, ಮೂರು ತೂತಿನ ಆಯ್ಕೆ ಇರುತ್ತದೆ. ತೂತು ಕಮ್ಮಿಯಾದಷ್ಟೂ ಶಾಕ್ ಬಿಗಿ. ಎಣ್ಣೆಯನ್ನು ಅಂಚಿನವರೆಗೆ ತುಂಬಿ, ರಾಡನ್ನು ನಿಧಾನ ಮೇಲೆ ಕೆಳಗೆ ಆಡಿಸಿದರೆ ಪಿಸ್ಟನ್ ಕೆಳಗೆ ಸಿಕ್ಕಿಕೊಂಡ ಗಾಳಿ ಗುಳ್ಳೆಗಳಾಗಿ ಮೇಲೆ ಬರುತ್ತದೆ. ಅವಸರ ಬೇಡ, ನೆಟ್ಟಗೆ ನಿಲ್ಲಿಸಿ ಒಂದು ಕಾಫಿ ಕುಡಿದು ಬನ್ನಿ. ಗುಳ್ಳೆ ಪೂರ್ತಿ ಹೋದ ಮೇಲೆ ಮುಚ್ಚಳ ಹಾಕಿ. ಕಿವಿಗೆ ಹಿಡಿದು ಒತ್ತಿದಾಗ ಪಿಚಪಿಚ ಸದ್ದು ಬಂದರೆ ಒಳಗೆ ಗಾಳಿ ಉಳಿದಿದೆ ಎಂದರ್ಥ. ನಾಲ್ಕೂ ಶಾಕ್ ಒತ್ತಿ ಬಿಟ್ಟಾಗ ಒಂದೇ ಗತಿಯಲ್ಲಿ ಮೇಲೇಳಬೇಕು. ಏಪ್ರಿಲ್ ಬಿಸಿಲಿಗೆ ಎಣ್ಣೆ ತೆಳುವಾಗುವುದರಿಂದ ಆ ಕಾಲಕ್ಕೆ ಒಂದು ನಂಬರ್ ದಪ್ಪದ್ದು ಹಾಕುತ್ತೇನೆ.

ಟಿಟಿ-02ರ ನಿಜವಾದ ದೌರ್ಬಲ್ಯ ಇರುವುದು ಸ್ಟೀರಿಂಗಿನಲ್ಲಿ. ಕಾರನ್ನು ಕೈಯಲ್ಲಿ ಹಿಡಿದು ಮುಂದಿನ ಚಕ್ರ ಅಲ್ಲಾಡಿಸಿ ನೋಡಿ, ಸರ್ವೊ ಕದಲದೆಯೇ ಚಕ್ರ ಆ ಕಡೆ ಈ ಕಡೆ ಆಡುತ್ತದೆ. ಮೆಕ್ಯಾನಿಕ್ಕುಗಳು ಪ್ಲೇ ಅನ್ನುವುದು ಇದನ್ನೇ. ಪ್ಲಾಸ್ಟಿಕ್ ಸ್ಟೀರಿಂಗ್ ತೋಳು, ಪೆಟ್ಟು ಸರ್ವೊಗೆ ತಾಗದಂತೆ ತಡೆಯುವ ಸರ್ವೊ ಸೇವರಿನ ಮೆದುವಾದ ಸ್ಪ್ರಿಂಗು, ಬಾಲ್ ಕೊಂಡಿಗಳು, ಒಂದೊಂದರಲ್ಲೂ ಕೂದಲೆಳೆ ಪ್ಲೇ ಸೇರಿ ಚಕ್ರದ ಹತ್ತಿರ ಬರುವಷ್ಟರಲ್ಲಿ ಕಣ್ಣಿಗೆ ಕಾಣುವಷ್ಟಾಗುತ್ತದೆ. ಟ್ರಾನ್ಸ್‌ಮಿಟರಿನಲ್ಲಿ ಚಕ್ರ ನೇರ ಮಾಡುವ ಟ್ರಿಮ್ ಗುಂಡಿ ಎಷ್ಟು ತಿರುಗಿಸಿದರೂ ಕಾರು ನೇರ ಹೋಗದಿರುವುದಕ್ಕೆ ಇದೇ ಕಾರಣ. ನಾನು ಮೊದಲು ಹೈ-ಟಾರ್ಕ್ ಸರ್ವೊ ಸೇವರ್ ಹಾಕಿದೆ, ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಆಮೇಲೆ ಬೇರಿಂಗ್ ಮೇಲೆ ತಿರುಗುವ ಅಲ್ಯೂಮಿನಿಯಂ ಸ್ಟೀರಿಂಗ್ ಸೆಟ್. ಉಳಿದ ಸಂದಿಗಳಿಗೆ 0.1, 0.2 ಮಿ.ಮೀ. ದಪ್ಪದ ಶಿಮ್, ಅಂದರೆ ತೆಳು ವಾಷರ್.

ನೀಲಿ ಬಣ್ಣದ ಅಲ್ಯೂಮಿನಿಯಂ ಭಾಗಗಳ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಸ್ಟೀರಿಂಗ್ ಮತ್ತು ನಡುವಿನ ಪ್ರೊಪೆಲ್ಲರ್ ಶಾಫ್ಟ್ ಬಿಟ್ಟರೆ ಮಿಕ್ಕಿದ್ದೆಲ್ಲ ಬಹುಪಾಲು ಒಡವೆ. ಅದರಲ್ಲೂ ಸಸ್ಪೆನ್ಷನ್ ತೋಳುಗಳು ಪ್ಲಾಸ್ಟಿಕ್ಕಿನವೇ ಇರಲಿ. ಫುಟ್‌ಪಾತ್ ಕಲ್ಲಿಗೆ ಗುದ್ದಿದಾಗ ಪ್ಲಾಸ್ಟಿಕ್ ತೋಳು ಬಾಗುತ್ತದೆ, ಹೆಚ್ಚೆಂದರೆ ಮುರಿಯುತ್ತದೆ, ಅಗ್ಗದಲ್ಲಿ ಬದಲಾಯಿಸಬಹುದು. ಲೋಹದ್ದಾದರೆ ಅದೇ ಪೆಟ್ಟು ನೇರ ಚಾಸಿಗೆ ಹೋಗುತ್ತದೆ.

ಇಷ್ಟಾದ ಮೇಲೆ ಮೋಟರ್. ಅಕ್ಕನ ಮಗ ಕಾರು ನೋಡಿದ ದಿನದಿಂದ "ಮಾಮ, ಇದು ಎಷ್ಟು ಸ್ಪೀಡ್ ಹೋಗುತ್ತೆ?" ಎಂದು ಕೇಳುತ್ತಲೇ ಇದ್ದ. "ನೀನೇ ಲೆಕ್ಕ ಹಾಕು ಕಣೋ" ಎಂದು ಪೆನ್ನು ಕೊಟ್ಟೆ. ಲೆಕ್ಕ ಕಷ್ಟದ್ದಲ್ಲ. ಕಿಟ್ಟಿನಲ್ಲಿ ಪಿನಿಯನ್ (ಮೋಟರಿನ ತುದಿಯ ಸಣ್ಣ ಗೇರ್) 22 ಹಲ್ಲು, ಸ್ಪರ್ (ಅದು ತಿರುಗಿಸುವ ದೊಡ್ಡ ಗೇರ್) 70 ಹಲ್ಲು, ಒಳಗಿನ ಅನುಪಾತ 2.6. ಎಪ್ಪತ್ತನ್ನು ಇಪ್ಪತ್ತೆರಡರಿಂದ ಭಾಗಿಸಿ 2.6ರಿಂದ ಗುಣಿಸಿದರೆ 8.27. ಅಂದರೆ ಮೋಟರ್ 8.27 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಟೈರಿನ ವ್ಯಾಸ ಸುಮಾರು 63 ಮಿ.ಮೀ., ಸುತ್ತಳತೆ 20 ಸೆಂ.ಮೀ.ಗೆ ಒಂದಿಷ್ಟು ಕಮ್ಮಿ. ಕಿಟ್ಟಿನ 540 ಬ್ರಶ್ ಮೋಟರನ್ನು ನಿಮಿಷಕ್ಕೆ 15,000 ಸುತ್ತು ಎಂದು ಹಿಡಿದರೆ ಗಂಟೆಗೆ 21 ಕಿ.ಮೀ. ಆಸುಪಾಸು. 3000 ಕೆವಿಯ (ಇಲ್ಲಿ ಕೆವಿ ಎಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ ಇಷ್ಟು ಸುತ್ತು) ಬ್ರಶ್‌ಲೆಸ್ ಮೋಟರಿಗೆ 7.4 ವೋಲ್ಟ್ ಕೊಟ್ಟರೆ 22,200 ಸುತ್ತು. ಅದೇ ಗೇರಿನಲ್ಲಿ ಗಂಟೆಗೆ 31 ಕಿ.ಮೀ. ದಾಟುತ್ತದೆ, 25 ಹಲ್ಲಿನ ಪಿನಿಯನ್ ಹಾಕಿದರೆ 36ರ ಹತ್ತಿರ. ಗಾಳಿ, ಘರ್ಷಣೆ ಕಳೆದರೆ ಇದಕ್ಕಿಂತ ಕಮ್ಮಿಯೇ. "ಇಷ್ಟೇನಾ?" ಅಂದ ಅವನು. ಬೆರಳುದ್ದದ ಗ್ರೌಂಡ್ ಕ್ಲಿಯರೆನ್ಸೂ ಇಲ್ಲದ ಕಾರು ಕೋರ್ಟಿನಲ್ಲಿ 30ರಲ್ಲಿ ಬಂದಾಗ ಮೊದಲು ಕಾಲು ಎತ್ತಿದವನೂ ಅವನೇ.

ಪಿನಿಯನ್ ಬದಲಾಯಿಸಿದಾಗ ಮೋಟರಿನ ಸ್ಕ್ರೂ ಕೂರುವ ಜಾಗವೂ ಬದಲಾಗುತ್ತದೆ. ಯಾವ ಹಲ್ಲಿಗೆ ಯಾವ ಜಾಗ ಎಂಬುದನ್ನು ಮ್ಯಾನ್ಯುಯಲ್ ತೋರಿಸುತ್ತದೆ. ಪಿನಿಯನ್ ದೊಡ್ಡದಾದಷ್ಟೂ ಮೋಟರ್ ಬಿಸಿ. ಟಿಟಿ-02ರಲ್ಲಿ ಮೋಟರಿಗೆ ಗಾಳಿ ಆಡುವುದು ಕಮ್ಮಿ, ಹಾಗಾಗಿ ಹೊಸ ಗೇರ್ ಹಾಕಿದ ದಿನ ಐದೈದು ನಿಮಿಷಕ್ಕೆ ನಿಲ್ಲಿಸಿ ಮುಟ್ಟಿ ನೋಡುತ್ತೇನೆ. ಬೆರಳು ಇಡಲಾಗದಷ್ಟು ಬಿಸಿಯಾದರೆ ಒಂದು ಹಲ್ಲು ಇಳಿಸುತ್ತೇನೆ.

ಬ್ಯಾಟರಿ ಎರಡು ಸೆಲ್ಲಿನ ಹಾರ್ಡ್ ಕೇಸ್ ಲಿಪೋ (ಲಿಥಿಯಂ ಪಾಲಿಮರ್). ಲಿಪೋವನ್ನು ಸೆಲ್ಲಿಗೆ 3 ವೋಲ್ಟಿಗಿಂತ ಕೆಳಗೆ ಇಳಿಸಿದರೆ ಅದಕ್ಕೆ ಶಾಶ್ವತ ಹಾನಿಯಾಗಬಹುದು. ನನ್ನ ಕಿಟ್ಟಿನ ಜೊತೆ ಬಂದ ಟಿಬಿಎಲ್‌ಇ-02ಎಸ್ ಸ್ಪೀಡ್ ಕಂಟ್ರೋಲರಿನಲ್ಲಿ ಲಿಪೋ ಕಟ್‌ಆಫ್ (ವೋಲ್ಟೇಜ್ ಇಳಿದಾಗ ತಾನೇ ನಿಲ್ಲಿಸುವ ವ್ಯವಸ್ಥೆ) ಇಲ್ಲ, ಅದನ್ನು ಬಳಸುವಷ್ಟು ದಿನ ಬ್ಯಾಟರಿಯ ಬ್ಯಾಲೆನ್ಸ್ ವೈರಿಗೆ ವೋಲ್ಟೇಜ್ ಇಳಿದಾಗ ಕೂಗುವ ಒಂದು ಬಜರ್ ಸಿಕ್ಕಿಸಿಕೊಳ್ಳಿ. ಓಡಿಸದ ವಾರಗಳಲ್ಲಿ ಸೆಲ್ಲಿಗೆ 3.8 ವೋಲ್ಟ್‌ನಲ್ಲಿ ಇಡಬೇಕು. ಟ್ರಾನ್ಸ್‌ಮಿಟರ್ ಮೊದಲು ಆನ್, ಕಾರು ಆಮೇಲೆ. ಆಫ್ ಮಾಡುವಾಗ ಇದಕ್ಕೆ ತಿರುಗುಮುರುಗು.

ಬಾಡಿ ಸುಬಾರು ಇಂಪ್ರೆಜಾದ್ದು. ತೆಳು ಪಾರದರ್ಶಕ ಪಾಲಿಕಾರ್ಬೊನೇಟ್, ಬಣ್ಣ ಹೊಡೆಯುವುದು ಒಳಗಡೆಯಿಂದ. ಗುದ್ದಿದಾಗ ಬಾಡಿ ಬಾಗುತ್ತದಾದ್ದರಿಂದ ಪಾಲಿಕಾರ್ಬೊನೇಟಿಗೆಂದೇ ಮಾಡಿದ ಬಣ್ಣವೇ ಬೇಕು, ಗಾಡಿಗಳಿಗೆ ಹೊಡೆಯುವ ಸಾಮಾನ್ಯ ಸ್ಪ್ರೇ ಚಕ್ಕೆಚಕ್ಕೆಯಾಗಿ ಏಳುತ್ತದೆ. ಪಾತ್ರೆ ತೊಳೆಯುವ ಸೋಪಿನಿಂದ ಒಳಭಾಗ ತೊಳೆದು ಒಣಗಿಸಿ, ಕಿಟಕಿಗಳಿಗೆ ಮಾಸ್ಕ್ ಅಂಟಿಸಿ, ತೆಳು ಪದರಗಳಲ್ಲಿ ಹೊಡೆಯಬೇಕು. ಎರಡು ಬಣ್ಣವಿದ್ದರೆ ಗಾಢವಾದದ್ದು ಮೊದಲು. ಮಳೆಗಾಲದ ತೇವದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಬಣ್ಣ ಮಂಕಾಗುತ್ತದೆ. ಸ್ಟಿಕ್ಕರ್ ಅಂಟಿಸುವಾಗ ಹೊರಮೈಗೆ ಸೋಪು ನೀರು ಸಿಂಪಡಿಸಿದರೆ ಸ್ವಲ್ಪ ಹೊತ್ತು ಜರುಗಿಸಿ ಸರಿ ಮಾಡಿಕೊಳ್ಳಬಹುದು.

ಓಡಿಸಲು ಹೋಗುವಾಗ ಡಬ್ಬಿಯಲ್ಲಿ ಇರಲೇಬೇಕಾದವು: ಮುಂದಿನ ತೋಳು ಮತ್ತು ಅಪ್‌ರೈಟ್ (ಚಕ್ರದ ಅಚ್ಚು ಹಿಡಿಯುವ ಭಾಗ) ಇರುವ ಪ್ಲಾಸ್ಟಿಕ್ ಸೆಟ್ ಒಂದು, ಬಾಡಿ ಕ್ಲಿಪ್ಪು ಒಂದು ಹಿಡಿ, 3×10 ಸ್ಕ್ರೂಗಳು, 22 ಮತ್ತು 23 ಹಲ್ಲಿನ ಪಿನಿಯನ್ನುಗಳು, ಜೆಐಎಸ್ ಡ್ರೈವರ್, ಹಳೆಯ ಟೂತ್‌ಬ್ರಶ್. ಹಳೆಯ 540 ಮೋಟರೂ ಅದರಲ್ಲೇ ಇದೆ. ಮೊದಲ ಸಲ ಓಡಿಸುವವರು ಯಾರಾದರೂ ಬಂದರೆ ಬ್ರಶ್‌ಲೆಸ್ ತೆಗೆದು ಅದನ್ನೇ, ಅದರ ಕಂಟ್ರೋಲರಿನ ಜೊತೆಗೇ, ಹಾಕಿ ಕೊಡುತ್ತೇನೆ.